ಪಾಚಿ ತಿನ್ನೋಕೊಂದು ಮೀನು ಕೊಡಿ!

ತಿಂಗಳಿಗೆ ಒಂದು ಸಲವಾದ್ರೂ ನನ್ನ ಫೋನಿಗೆ ಇಂಥದ್ದೊಂದು ಮೆಸೇಜ್ ಬರುತ್ತೆ. ಒಂದು ಫೋಟೋ. ಫೋಟೋದಲ್ಲಿ ಗಾಜಿನ ತೊಟ್ಟಿ, ತೊಟ್ಟಿಯೊಳಗೆ ಕಲ್ಲು, ಕಲ್ಲಿನ ಮೇಲೆ ನೀರಲ್ಲಿ ಓಲಾಡ್ತಿರೋ ಹಸಿರು ಕೂದಲು. ಕೆಳಗೆ ಒಂದೇ ಸಾಲು: "ಮಗಾ, ಇದನ್ನ ತಿನ್ನೋ ಮೀನು ಯಾವ್ದು?"

ಕಳಿಸೋರು ಯಾರೂ ದಡ್ಡರಲ್ಲ. ಒಬ್ಬ ಡೇಟಾಬೇಸ್ ಕೆಲಸದವನು, ಇನ್ನೊಬ್ಬಳು ಟೆಸ್ಟಿಂಗ್ ಲೀಡ್, ಮತ್ತೊಬ್ಬ ನಮ್ಮ ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯವನು. ಮನೇಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು. ನಾನು ಈ ಹವ್ಯಾಸದಲ್ಲಿ ಅವರಿಗಿಂತ ನಾಲ್ಕೈದು ವರ್ಷ ಸೀನಿಯರ್. ಆದ್ದರಿಂದ ನನಗೆ ಗೊತ್ತಿರುತ್ತೆ ಅನ್ನೋ ನಂಬಿಕೆ. ನಾನು ಉತ್ತರ ಕೊಟ್ಟ ಮೇಲೆ ಹೆಚ್ಚಿನವರು ಮತ್ತೆ ಮೆಸೇಜ್ ಮಾಡಲ್ಲ. ಯಾಕಂದ್ರೆ ನಾನು ಮೀನಿನ ಹೆಸರು ಹೇಳಲ್ಲ, "ನೀನು ದಿನಕ್ಕೆ ಎಷ್ಟು ಸಲ ಫುಡ್ ಹಾಕ್ತೀಯ?" ಅಂತ ಕೇಳ್ತೀನಿ.

ಈ ಲೇಖನ ಅವರೆಲ್ಲರಿಗೆ ಒಟ್ಟಿಗೆ ಕೊಡೋ ಉತ್ತರ. ಮೊದಲೇ ಹೇಳಿಬಿಡ್ತೀನಿ: ಪಾಚಿ ತಿನ್ನೋಕೆ ಅಂತ ಮೀನು ತರೋ ಅಭ್ಯಾಸವನ್ನ ನಾನು ವಿರೋಧಿಸ್ತೀನಿ. ಮೀನು ಪಾಚಿ ತಿನ್ನಲ್ಲ ಅಂತಲ್ಲ, ಚೆನ್ನಾಗೇ ತಿನ್ನುತ್ತೆ. ನನ್ನ ಸಿಟ್ಟು ನಮ್ಮ ಮೇಲೆ.

ಮೊದಲು ನನ್ನ ತಪ್ಪು ಹೇಳ್ತೀನಿ. ನಾನು ತಿಪಟೂರು ಕಡೆಯ ಹಳ್ಳಿಯವನು. ಸಮುದ್ರ ಮೊದಲು ನೋಡಿದ್ದು ಬಿಇ ಮೂರನೇ ವರ್ಷದಲ್ಲಿ, ಕ್ಲಾಸಿನವರ ಜೊತೆ ಮುರ್ಡೇಶ್ವರಕ್ಕೆ ಹೋದಾಗ. ಅಲ್ಲಿಂದ ದೋಣೀಲಿ ಹೋದ್ರೆ ನೇತ್ರಾಣಿ ದ್ವೀಪ, ಅಲ್ಲಿ ನೀರಿನ ಕೆಳಗೆ ಹವಳ ಇದೆ ಅಂತ ಯಾರೋ ಹೇಳಿದ್ರು. ಆಗ ಹೋಗೋಕೆ ದುಡ್ಡಿರಲಿಲ್ಲ. ಕೆಲಸ ಸಿಕ್ಕಿ ಏಳೆಂಟು ವರ್ಷ ಆದ್ಮೇಲೆ ಹೋದೆ, ಮುಳುಗಿ ನೋಡಿದೆ, ತಲೆ ಕೆಟ್ಟಿತು. ಆ ಬಣ್ಣ ನನ್ನ ಹಾಲ್‌ನಲ್ಲೂ ಇರಬೇಕು ಅನ್ನಿಸ್ತು. ಮೂರಡಿ ಉದ್ದದ ತೊಟ್ಟಿ ತಂದೆ, ಸುಮಾರು 180 ಲೀಟರ್ ನೀರು ಹಿಡಿಯುತ್ತೆ. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ, ಹಾಗಾಗಿ ಆರು ಕೇಜಿಗೂ ಮೀರಿ ಉಪ್ಪು ಕಲಸಿದೆ. ಕಲ್ಲು ಜೋಡಿಸಿದೆ, ಎರಡು ಕ್ಲೌನ್ ಫಿಶ್, ಒಂದು ಡ್ಯಾಮ್ಸೆಲ್ ಬಿಟ್ಟೆ. ಮನೆಗೆ ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋದ್ರು.

ಮೊದಲ ತಿಂಗಳು ಮರಳಿನ ಮೇಲೆ ಕಂದು ಬಣ್ಣದ ಧೂಳಿನಂಥದ್ದು ಬಂತು. ಅದು ಡಯಾಟಮ್. ಹೊಸ ತೊಟ್ಟಿಯಲ್ಲಿ ಸಾಮಾನ್ಯ, ತಾನಾಗೇ ಹೋಗುತ್ತೆ, ಹೋಯ್ತು. ಮೂರನೇ ತಿಂಗಳಿಗೆ ಹಸಿರು ಕೂದಲು ಶುರುವಾಯ್ತು. ಹೇರ್ ಆಲ್ಗೆ ಅಂತಾರೆ. ನಮ್ಮೂರ ಕೆರೆ ಸೋಪಾನದ ಮೇಲೆ ಕಾಲಿಟ್ರೆ ಜಾರುತ್ತಲ್ಲ, ಅದರ ಉಪ್ಪುನೀರಿನ ನೆಂಟ. ಐದನೇ ತಿಂಗಳಿಗೆ ಕಲ್ಲು ಕಾಣ್ತಿರಲಿಲ್ಲ.

ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಫೋನಲ್ಲಿ ಫೋಟೋ ನೋಡಿ ಎರಡು ಸೆಕೆಂಡಲ್ಲಿ ಹೇಳಿದ: "ಒಂದು ಟ್ಯಾಂಗ್ ಹಾಕ್ಬಿಡಿ ಸರ್. ಒಂದೇ ವಾರದಲ್ಲಿ ಕ್ಲೀನ್." ತೊಟ್ಟಿ ಎಷ್ಟು ದೊಡ್ಡದು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಯೆಲ್ಲೋ ಟ್ಯಾಂಗ್ ತಂದೆ. ಬೆಲೆ ನನ್ನ ಬೈಕಿನ ಎರಡು ತಿಂಗಳ ಇಎಂಐ. ಎಲ್ಲಿಂದ ಬಂದಿದ್ದು ಅಂತ ಕೇಳಿದ್ದಕ್ಕೆ "ಇಂಪೋರ್ಟೆಡ್ ಸರ್" ಅಂದ. ಅಷ್ಟಕ್ಕೇ ತೃಪ್ತಿಯಾಗಿ ಬಂದೆ. ಇಪ್ಪತ್ತು ರೂಪಾಯಿ ಕೊತ್ತಂಬರಿ ಕಟ್ಟಿಗೂ "ಎಲ್ಲಿಯ ಸೊಪ್ಪು ಇದು?" ಅಂತ ಕೇಳೋ ಮನೆಯಲ್ಲಿ ಬೆಳೆದವನು ನಾನು!

ಆ ಮೀನು ಯಾರು ಅಂತ ಅದು ಸತ್ತ ಮೇಲೆ ಓದಿ ತಿಳ್ಕೊಂಡೆ. ನಿಂಬೆಹಣ್ಣಿನ ಬಣ್ಣ, ಚಪ್ಪಟೆ ದೇಹ, ಮುಂದಕ್ಕೆ ಚಾಚಿದ ಮೂತಿ. ಬಾಲದ ಬುಡದಲ್ಲಿ ಎರಡೂ ಕಡೆ ಚಾಕುವಿನಂಥ ಮುಳ್ಳು. ಅದಕ್ಕೇ ಈ ಬಳಗಕ್ಕೆ ಸರ್ಜನ್ ಫಿಶ್ ಅಂತ ಹೆಸರು. ಬೆಳೆದ್ರೆ 20 ಸೆಂಟಿಮೀಟರ್ ಆಗುತ್ತೆ. ಕಾಡಿನಲ್ಲಿ, ಅಂದ್ರೆ ಸಮುದ್ರದಲ್ಲಿ, ಮೂವತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ದಿನವಿಡೀ ಹವಳದ ದಿಬ್ಬದ ಮೇಲೆ ಈಜಾಡ್ತಾ ಪಾಚಿ ಮೇಯೋ ಪ್ರಾಣಿ. ಎಮ್ಮೆ ಹೇಗೆ ಬಯಲಲ್ಲಿ ಮೇಯುತ್ತೋ ಹಾಗೆ. ಅದನ್ನ ನಾನು ಮೂರಡಿಯ ಪೆಟ್ಟಿಗೆಗೆ ಬಿಟ್ಟಿದ್ದೆ. ಅದಕ್ಕೆ ಆ ಕಡೆಯಿಂದ ಈ ಕಡೆಗೆ ಬರೋಕೆ ಎರಡು ಸೆಕೆಂಡು ಸಾಕಿತ್ತು.

ಮೊದಲ ಎರಡು ವಾರ ಅಂಗಡಿಯವನ ಮಾತು ನಿಜವಾಯ್ತು. ಕಲ್ಲು ಕಾಣೋಕೆ ಶುರುವಾಯ್ತು, ನಾನು ಫೋಟೋ ಹಾಕಿ ಲೈಕ್ ತಗೊಂಡೆ. ನಾಲ್ಕನೇ ವಾರ ಮೀನಿನ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಕ್ರಿಪ್ಟೊಕ್ಯಾರಿಯಾನ್ ಅನ್ನೋ ಪರೋಪಜೀವಿ. ಇಕ್ಕಟ್ಟಿನಲ್ಲಿ ಕುಗ್ಗಿದ ಟ್ಯಾಂಗ್‌ಗಳಿಗೆ ಬೇಗ ಅಂಟುತ್ತೆ. ನಲವತ್ತೊಂದನೇ ದಿನ ಬೆಳಿಗ್ಗೆ ಕಾಲ್‌ಗೆ ಕೂರೋ ಮುಂಚೆ ನೋಡಿದ್ರೆ ಕಲ್ಲಿನ ಸಂದಿಯಲ್ಲಿ ಮಲಗಿತ್ತು. ಹಳದಿ ಬಣ್ಣ ಮಾಸಿತ್ತು. ಸ್ಟ್ಯಾಂಡ್-ಅಪ್ ಮೀಟಿಂಗ್ ಮ್ಯೂಟ್ ಮಾಡಿ, ಅದನ್ನ ಪೇಪರಲ್ಲಿ ಸುತ್ತಿ, ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಮುಚ್ಚಿದೆ. ತಿಂಗಳೊಳಗೆ ಪಾಚಿ ವಾಪಸ್.

ಯೆಲ್ಲೋ ಟ್ಯಾಂಗ್‌ಗೆ ಜಗತ್ತಿನಲ್ಲಿ ಹೆಸರುವಾಸಿಯಾದ ತವರು ಹವಾಯಿ. ದಶಕಗಳ ಕಾಲ ಅಲ್ಲಿಂದ ಜೀವಂತ ಹಿಡಿದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ವಿಮಾನಕ್ಕೆ ಹಾಕೋ ದಂಧೆ ನಡೀತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪರಿಸರದ ಮೇಲಿನ ಪರಿಣಾಮ ಪರಿಶೀಲಿಸದೆ ಅಕ್ವೇರಿಯಂ ವ್ಯಾಪಾರಕ್ಕೆ ಮೀನು ಹಿಡಿಯೋ ಪರವಾನಗಿ ಕೊಡೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಹವಾಯಿಯದೇ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಈ ಮೀನನ್ನ ಮೊದಲ ಬಾರಿಗೆ ತೊಟ್ಟಿಯಲ್ಲೇ ಮರಿ ಮಾಡಿಸಿ ಬೆಳೆಸಿತು. ಅಷ್ಟು ಕಷ್ಟ ಅದನ್ನ ಸಾಕಣೆಯಲ್ಲಿ ಹುಟ್ಟಿಸೋದು. ಇನ್ನು ಫಿಲಿಪೀನ್ಸ್, ಇಂಡೊನೇಷ್ಯಾ ಕಡೆಯ ಎಷ್ಟೋ ಹವಳದ ಮೀನುಗಳನ್ನ ಸಯನೈಡ್ ಚಿಮುಕಿಸಿ ಮಂಪರು ಬರಿಸಿ ಹಿಡಿದ ಇತಿಹಾಸ ಇದೆ. ಮೀನಿನ ಜೊತೆ ಹವಳವೂ ಸಾಯುತ್ತೆ. ನಮ್ಮ ಹಾಲ್‌ನ ಕಲ್ಲಿನ ಮೇಲಿನ ನಾಲ್ಕು ಎಳೆ ಪಾಚಿಗೆ ಎಷ್ಟು ದೂರದ ಬೆಲೆ ನೋಡಿ.

"ಸರಿ, ಟ್ಯಾಂಗ್ ಬೇಡ, ಲಾನ್‌ಮೋವರ್ ಬ್ಲೆನ್ನಿ ತರ್ತೀನಿ" ಅಂತಾರೆ ಸ್ವಲ್ಪ ಓದಿಕೊಂಡವರು. ಹೆಸರು ಕೇಳಿ: ಹುಲ್ಲು ಕತ್ತರಿಸೋ ಯಂತ್ರ! ದಪ್ಪ ತುಟಿ, ಮೇಲೆ ಕಣ್ಣು, ಕಲ್ಲಿನ ಮೇಲೆ ಕೂತು ನಮ್ಮನ್ನೇ ವಿಚಾರಿಸೋ ಹಾಗೆ ನೋಡೋ ಮುದ್ದು ಮೀನು ಅದು. ಕಲ್ಲಿನ ಮೇಲಿನ ತೆಳು ಪಾಚಿಯನ್ನ ಕೆರೆದು ತಿನ್ನುತ್ತೆ. ತಿಂದು ಮುಗಿಸಿದ ಮೇಲೆ? ಇವುಗಳಲ್ಲಿ ಅನೇಕ ನಾವು ಹಾಕೋ ಒಣ ಆಹಾರ ಮುಟ್ಟಲ್ಲ. ನನ್ನ ಗೆಳೆಯನ ಮನೆಯಲ್ಲಿ ಗಾಜು ಫಳಫಳ ಹೊಳೀತಿತ್ತು, ಬ್ಲೆನ್ನಿಯ ಹೊಟ್ಟೆ ಒಳಕ್ಕೆ ಹೋಗಿತ್ತು. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಅದು ಉಪವಾಸ ಸತ್ತಿತು. ಪ್ರಾಜೆಕ್ಟ್ ಬೇಗ ಮುಗಿಸಿಕೊಟ್ಟವರನ್ನೇ ಮೊದಲು ಬೆಂಚಿಗೆ ಕಳಿಸ್ತಾರಲ್ಲ, ಹಾಗೆ.

ಈಗ ಲೆಕ್ಕಕ್ಕೆ ಬರೋಣ. ನಾವು ಇಂಜಿನಿಯರ್‌ಗಳು, ಲೆಕ್ಕ ನಮಗೆ ಬರುತ್ತೆ ಅಂತ ನಂಬಿದವರು.

ಪಾಚಿ ಎಲ್ಲಿಂದ ಬಂತು? ಗಾಳಿಯಿಂದ ಅಲ್ಲ. ನಾವು ತೊಟ್ಟಿಗೆ ಮೀನಿನ ಆಹಾರ ಹಾಕ್ತೀವಿ. ಅದರಲ್ಲಿ ಸಾರಜನಕ ಇದೆ, ರಂಜಕ ಇದೆ. ಮೀನು ತಿನ್ನುತ್ತೆ, ಅಮೋನಿಯಾ ಬಿಡುತ್ತೆ, ಅದೂ ಹೆಚ್ಚಿನ ಪಾಲು ಕಿವಿರಿನಿಂದಲೇ. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನ ನೈಟ್ರೈಟ್ ಮಾಡ್ತವೆ, ನೈಟ್ರೈಟನ್ನ ನೈಟ್ರೇಟ್ ಮಾಡ್ತವೆ. ಅಲ್ಲಿಗೆ ನಿಲ್ಲುತ್ತೆ. ನೈಟ್ರೇಟ್, ಫಾಸ್ಫೇಟ್, ಮೇಲಿಂದ ಬೆಳಕು: ಈ ಮೂರೂ ಇದ್ದ ಕಡೆ ಪಾಚಿ ಬರಲೇಬೇಕು.

ಈಗ ಪಾಚಿ ತಿನ್ನೋಕೆ ಇನ್ನೊಂದು ಮೀನು ಬಿಟ್ವಿ. ಅದು ಪಾಚಿ ತಿಂತು. ಪಾಚಿಯೊಳಗಿದ್ದ ಸಾರಜನಕ ಎಲ್ಲಿಗೆ ಹೋಯ್ತು? ಸ್ವಲ್ಪ ಮೀನಿನ ಮೈಗೆ, ಮಿಕ್ಕಿದ್ದು ಮತ್ತೆ ಅಮೋನಿಯಾ ಆಗಿ, ಹಿಕ್ಕೆ ಆಗಿ ಅದೇ ನೀರಿಗೆ. ತೊಟ್ಟಿಯಿಂದ ಒಂದು ಗ್ರಾಂ ಕೂಡ ಹೊರಗೆ ಹೋಗಲಿಲ್ಲ. ಜೊತೆಗೆ ಆ ಮೀನಿಗೂ ಅಂತ ನೋರಿ ಶೀಟು, ಪೆಲೆಟ್ಟು ಹಾಕೋಕೆ ಶುರು ಮಾಡ್ತೀವಿ. ಅಂದ್ರೆ ಒಳಗೆ ಬರೋದು ಹೆಚ್ಚಾಯ್ತು, ಹೊರಗೆ ಹೋಗೋದು ಅಷ್ಟೇ ಇದೆ. ಕಣ್ಣಿಗೆ ಕಾಣ್ತಿದ್ದ ಸಮಸ್ಯೆಯನ್ನ ಕಣ್ಣಿಗೆ ಕಾಣದ ಸಮಸ್ಯೆ ಮಾಡಿದ್ವಿ ಅಷ್ಟೇ. ಮೆಮೊರಿ ಲೀಕ್ ಇರೋ ಸರ್ವರ್‌ಗೆ ರಾತ್ರಿ ಎರಡು ಗಂಟೆಗೆ ರೀಸ್ಟಾರ್ಟ್ ಆಗೋ ಹಾಗೆ ಕ್ರಾನ್ ಜಾಬ್ ಹಾಕಿ ಟಿಕೆಟ್ ಕ್ಲೋಸ್ ಮಾಡೋರನ್ನ ನಾವು ಆಫೀಸಲ್ಲಿ ಬೈತೀವಿ. ಮನೇಲಿ ಅದನ್ನೇ ಮಾಡ್ತೀವಿ, ಕ್ರಾನ್ ಜಾಬ್‌ಗೆ ಇಲ್ಲಿ ಜೀವ ಇದೆ ಅನ್ನೋದೊಂದೇ ವ್ಯತ್ಯಾಸ.

ಟ್ಯಾಂಗ್ ಸತ್ತ ಮೇಲೆ ನನಗೂ ಈ ಬುದ್ಧಿ ಬರಲಿಲ್ಲ. ಇನ್ನೂ ಅಗ್ಗದ, ಇನ್ನೂ ಗಟ್ಟಿ ಮೀನು ಹುಡುಕಿದೆ. ಸಿಕ್ಕಿತು: ಮೋಲಿ.

ಹೌದು, ಅದೇ ಕಪ್ಪು ಮೋಲಿ. ಚಿಕ್ಕ ಊರಿನ ಅಕ್ವೇರಿಯಂ ಅಂಗಡಿಯಲ್ಲೂ ಸಿಗೋ, ಬಾಟಲಿಯಲ್ಲಿ ಮಕ್ಕಳು ಮನೆಗೆ ತರೋ ಸಿಹಿನೀರಿನ ಮೀನು. ಮೂಲ ಮೆಕ್ಸಿಕೊ, ಮಧ್ಯ ಅಮೆರಿಕ ಕಡೆಯದು. ಅಲ್ಲಿ ಈ ಬಳಗ ನದಿಯಲ್ಲೂ ಇದೆ, ಅಳಿವೆಯಲ್ಲೂ ಇದೆ. ನಿಧಾನವಾಗಿ ಒಗ್ಗಿಸಿದ್ರೆ ಪೂರ್ತಿ ಸಮುದ್ರದ ಉಪ್ಪಿನಲ್ಲೂ ಬದುಕುತ್ತೆ, ಮರಿ ಹಾಕುತ್ತೆ, ಹೇರ್ ಆಲ್ಗೆಯನ್ನ ಕಚ್ಚಿ ಕಚ್ಚಿ ತಿನ್ನುತ್ತೆ. ಸಾಕಣೆಯಲ್ಲೇ ಹುಟ್ಟಿದ್ದರಿಂದ ಯಾವ ಹವಳದ ದಿಬ್ಬವನ್ನೂ ಬರಿದು ಮಾಡಿ ತಂದಿದ್ದಲ್ಲ.

ಈ ಒಗ್ಗೋದು ಅನ್ನೋದರ ಬಗ್ಗೆ ಸ್ವಲ್ಪ ಹೇಳ್ಬೇಕು. ಸಿಹಿನೀರಿನಲ್ಲಿ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪು. ಹಾಗಾಗಿ ನೀರು ತಾನಾಗೇ ಮೈಯೊಳಗೆ ನುಗ್ಗುತ್ತೆ. ಮೀನು ನೀರು ಕುಡಿಯೋದು ಬಿಟ್ಟು, ತೆಳ್ಳಗಿನ ಉಚ್ಚೆಯನ್ನ ಧಾರಾಳವಾಗಿ ಹೊಯ್ದು, ಕಿವಿರಿನಿಂದ ಉಪ್ಪನ್ನ ಹೆಕ್ಕಿ ಒಳಗೆ ತಗೊಂಡು ಬದುಕುತ್ತೆ. ಸಮುದ್ರದಲ್ಲಿ ಎಲ್ಲ ಉಲ್ಟಾ. ಸುತ್ತಲಿನ ನೀರೇ ಹೆಚ್ಚು ಉಪ್ಪು, ಮೈಯ ನೀರು ಹೊರಗೆ ಸೋರುತ್ತೆ. ಈಗ ಅದು ಉಪ್ಪುನೀರು ಕುಡೀಬೇಕು, ಉಚ್ಚೆ ಉಳಿಸಬೇಕು, ಕಿವಿರಿನ ಅದೇ ಜಾಗದ ಕೋಶಗಳು ಉಪ್ಪನ್ನ ಹೊರಕ್ಕೆ ತಳ್ಳಬೇಕು. ಇಡೀ ವ್ಯವಸ್ಥೆಯನ್ನ ಕೆಲವೇ ದಿನದಲ್ಲಿ ತಿರುಗಿಸಬೇಕು. ಹೆಚ್ಚಿನ ಸಿಹಿನೀರಿನ ಮೀನುಗಳಿಗೆ ಇದು ಸಾಧ್ಯವೇ ಇಲ್ಲ, ಮೋಲಿಗೆ ಸಾಧ್ಯ.

ನಾನು ನಾಲ್ಕು ಮೋಲಿ ತಂದು, ಬಕೆಟ್ಟಿನಲ್ಲಿ ಏರ್ ಪಂಪ್ ಹಾಕಿ, ಆರು ದಿನ ತಗೊಂಡೆ. ದಿನಾ ಒಂದಿಷ್ಟು ನೀರು ತೆಗೆದು ಅಷ್ಟೇ ಉಪ್ಪುನೀರು ಸೇರಿಸೋದು. ನೀರಿನ ಸಾಂದ್ರತೆ 1.000ರಿಂದ ದಿನಕ್ಕೆ ನಾಲ್ಕೈದು ಪಾಯಿಂಟ್‌ನಂತೆ ಏರಿ 1.025 ಮುಟ್ಟೋ ತನಕ. ಎರಡನೇ ದಿನ ಅವು ಬಕೆಟ್ ತಳದಲ್ಲಿ ಮಂಕಾಗಿದ್ವು. ಐದನೇ ದಿನ ಊಟಕ್ಕೆ ಮೇಲೆ ಬಂದ್ವು. ತೊಟ್ಟಿಗೆ ಬಿಟ್ಟ ಅರ್ಧ ಗಂಟೆಯಲ್ಲಿ ಪಾಚಿ ಕಚ್ಚೋಕೆ ಶುರು. ಡ್ಯಾಮ್ಸೆಲ್ ಅಟ್ಟಿಸಿಕೊಂಡು ಬಂತು, ಇವು ಸ್ವಲ್ಪ ಸರಿದು ಮತ್ತೆ ಮೇಯ್ದವು. ನನಗೆ ಬೆಂಗಳೂರಿಗೆ ಬಂದ ಮೊದಲ ವರ್ಷದ ಪೀಜಿ ನೆನಪಾಯ್ತು. ಇಂಗ್ಲಿಷ್ ಅರ್ಥ ಆಗ್ತಿರಲಿಲ್ಲ, ಸಾಂಬಾರು ಸಿಹಿ ಇರ್ತಿತ್ತು, ಮೂರು ಜನರ ರೂಮಲ್ಲಿ ಬಾಗಿಲ ಪಕ್ಕದ ಮಂಚ ನನ್ನದು. ಆರು ತಿಂಗಳಲ್ಲಿ ಒಗ್ಗಿದೆ. ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಬರೆದಿದ್ರು, ಈತ ಎಂಥ ಪರಿಸ್ಥಿತಿಗೂ ಹೊಂದಿಕೊಳ್ತಾನೆ ಅಂತ. ಆಮೇಲೆ ಎರಡು ವರ್ಷ ನೈಟ್ ಶಿಫ್ಟ್ ನನಗೇ ಬಂತು.

ಎರಡು ತಿಂಗಳು ಮೋಲಿಗಳು ಮೇಯ್ದವು. ಪಾಚಿ ಕಮ್ಮಿಯಾಯ್ತು, ಹೋಗಲಿಲ್ಲ. ಕತ್ತರಿಸಿದ ಹುಲ್ಲಿನ ಹಾಗೆ ಗಿಡ್ಡ ಆಯ್ತು ಅಷ್ಟೇ. ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ 50 ಪಿಪಿಎಂ ತೋರಿಸ್ತಿತ್ತು. ನಾನು ಇನ್ನೂ ನಾಲ್ಕು ಮೋಲಿ ತರೋ ಯೋಚನೆಯಲ್ಲಿದ್ದೆ.

ಆಗ ಅಪ್ಪ ಊರಿಂದ ಬಂದ್ರು, ಕಣ್ಣಿನ ಆಪರೇಷನ್‌ಗೆ. ಬ್ಯಾಂಡೇಜ್ ಬಿಚ್ಚಿದ ಮಾರನೇ ದಿನ ತೊಟ್ಟಿ ಮುಂದೆ ಕುರ್ಚಿ ಹಾಕ್ಕೊಂಡು ಕೂತ್ರು.

"ಏನ್ಲಾ ಇದು, ಕೆರೆ ಪಾಚಿನ ಮನೇಲಿ ಬೆಳೆಸಿದ್ದೀಯ?"

"ಅದು ತಾನಾಗೇ ಬಂದಿದ್ದು ಅಪ್ಪ. ತಿನ್ನೋಕೆ ಮೀನು ಬಿಟ್ಟಿದ್ದೀನಿ, ಇನ್ನೂ ನಾಲ್ಕು ತರ್ತೀನಿ."

"ದಿನಕ್ಕೆ ಎಷ್ಟು ಕಿತ ಮೇವು ಹಾಕ್ತೀಯ?"

"ಮೂರು ಸಲ."

"ಉಚ್ಚೆ, ಹಿಕ್ಕೆ ಎಲ್ಲ ಇದರಲ್ಲೇಯ?"

"ಹೂಂ."

ಅಪ್ಪ ನನ್ನ ಮುಖ ನೋಡಿದ್ರು. "ಕೊಟ್ಟಿಗೆ ಬಾಚದೆ ಇನ್ನೊಂದು ಎಮ್ಮೆ ತಂದು ಕಟ್ಟಿದ್ರೆ ಸಗಣಿ ಕಮ್ಮಿ ಆಯ್ತದೇನ್ಲಾ?"

ಅಷ್ಟೇ. ನಾನು ಆರು ತಿಂಗಳು ವಿಡಿಯೊ ನೋಡಿ ಕಲಿಯದ್ದು. ಅಪ್ಪ ಮುಂದುವರಿಸಿದ್ರು: ನಮ್ಮೂರ ಕೆರೆಗೆ ಮೊದಲು ಇಷ್ಟು ಪಾಚಿ ಇರಲಿಲ್ಲ, ಮೇಲಿನ ಹೊಲಗಳಿಗೆ ಯೂರಿಯಾ, ಡಿಎಪಿ ಚೆಲ್ಲೋದು ಜಾಸ್ತಿ ಆದ್ಮೇಲೆ ಮೊದಲ ಜೋರು ಮಳೆಗೆ ಎಲ್ಲ ಕೆರೆಗೆ ಇಳಿಯುತ್ತೆ, ಎಂಟು ದಿನದಲ್ಲಿ ನೀರು ಹಸಿರು. "ಪಾಚಿ ಏನ್ ಮಾಡ್ತದೆ ಪಾಪ, ನಾವು ಹಾಕಿದ್ದನ್ನ ತಿಂತದೆ."

ಆ ಸಂಜೆಯಿಂದ ಕೆಲಸ ಶುರು ಮಾಡಿದೆ. ಬರೆದಿಡ್ತೀನಿ, ಬೇಕಾದವರು ತಗೊಳ್ಳಿ. ಊಟ ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಫ್ರೋಜನ್ ಆಹಾರ ಕರಗಿದ ನೀರನ್ನ ಸೋಸಿ ಚೆಲ್ಲಿ ಆಮೇಲೆ ಹಾಕೋದು. ನೀರು: ನಾನು ಅಡುಗೆಮನೆ ಆರ್‌ಓ ನೀರೇ ಬಳಸ್ತಿದ್ದೆ, ಅದರ ಮೆಂಬ್ರೇನ್ ಬದಲಾಯಿಸಿ ಎರಡು ವರ್ಷ ಆಗಿತ್ತು. ನಮ್ಮಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು. ಆವಿಯಾದ ನೀರಿನ ಬದಲು ದಿನಾ ಅದನ್ನೇ ತುಂಬ್ತಿದ್ದೆ. ಆವಿಯಾಗೋದು ಬರೀ ನೀರು, ಬರುವಾಗ ತಂದ ಕಲ್ಮಶ ಅಲ್ಲೇ ಉಳಿಯುತ್ತೆ. ಫಿಲ್ಟರ್ ಬದಲಾಯಿಸಿ, ಕೊನೆಗೆ ಡಿಐ ಹಂತ ಸೇರಿಸಿದೆ. ಬೆಳಕು ಹನ್ನೆರಡು ಗಂಟೆಯಿಂದ ಎಂಟು ಗಂಟೆಗೆ ಇಳಿಸಿದೆ. ವಾರಕ್ಕೊಮ್ಮೆ ಶೇಕಡಾ 10-15ರಷ್ಟು ನೀರು ಬದಲು.

ಮುಖ್ಯವಾದದ್ದು ಕೈ. ಭಾನುವಾರ ಬೆಳಿಗ್ಗೆ ಕಲ್ಲನ್ನ ಬಕೆಟ್ಟಿನ ಉಪ್ಪುನೀರಿನಲ್ಲಿಟ್ಟು ಹಲ್ಲುಜ್ಜೋ ಬ್ರಷ್‌ನಿಂದ ಪಾಚಿ ಕಿತ್ತು, ಹಿಂಡಿ, ಗಿಡದ ಬುಡಕ್ಕಲ್ಲ, ಕಸದ ಬುಟ್ಟಿಗೆ. ಹೀಗೆ ಕಿತ್ತು ಹೊರಗೆ ಹಾಕಿದ ಒಂದೊಂದು ಹಿಡಿಯ ಜೊತೆ ಅದು ಹೀರಿದ್ದ ನೈಟ್ರೇಟ್, ಫಾಸ್ಫೇಟ್ ಕೂಡ ಮನೆಬಿಟ್ಟು ಹೋಗುತ್ತೆ. ಪಾಚಿ ಶತ್ರು ಅಂದ್ಕೊಂಡಿದ್ನಲ್ಲ, ಅದು ನನ್ನ ಗಲೀಜನ್ನ ಒಟ್ಟು ಮಾಡಿ ಕೈಗೆ ಕೊಡ್ತಿತ್ತು. ಈಗ ತೊಟ್ಟಿಯ ಕೆಳಗಿನ ಚಿಕ್ಕ ಪೆಟ್ಟಿಗೆಯಲ್ಲಿ ಕೀಟೊಮಾರ್ಫಾ ಅನ್ನೋ ಪಾಚಿಯನ್ನ ನಾನೇ ಬೇಕಂತ ಬೆಳೆಸ್ತೀನಿ, ತಿಂಗಳಿಗೊಮ್ಮೆ ಅರ್ಧ ಕೊಯ್ದು ಬಿಸಾಕ್ತೀನಿ. ಮೂರು ತಿಂಗಳಲ್ಲಿ ನೈಟ್ರೇಟ್ 10ರ ಹತ್ತಿರ ಬಂತು. ಸೊನ್ನೆ ಮಾಡೋಕೆ ಹೋಗ್ಬೇಡಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದ ತೊಟ್ಟಿಯಲ್ಲಿ ಡೈನೊಫ್ಲಾಜೆಲೇಟ್ ಅನ್ನೋ ಲೋಳೆ ಬರುತ್ತೆ, ಅದರ ಮುಂದೆ ಹೇರ್ ಆಲ್ಗೆ ದೇವರಂಥದ್ದು.

ಮೋಲಿಗಳು ಈಗಲೂ ಇವೆ. ಉಳಿದ ಪಾಚಿಯನ್ನ ಅವು ನಿಭಾಯಿಸ್ತವೆ. ಇದು ಅವುಗಳ ಸರಿಯಾದ ಜಾಗ: ನಾವು ನಮ್ಮ ಕೆಲಸ ಮಾಡಿದ ಮೇಲೆ ಮಿಕ್ಕಿದ್ದು.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ನ್ಯಾಯವಾದದ್ದೇ. "ಸಮುದ್ರದಲ್ಲಿ ಹವಳವನ್ನ ಪಾಚಿಯಿಂದ ಕಾಯೋದು ಮೀನುಗಳೇ ಅಲ್ವಾ?" ಹೌದು. ಜಮೈಕಾದ ಕತೆ ಇದಕ್ಕೆ ಸಾಕ್ಷಿ. ಅಲ್ಲಿ ಪಾಚಿ ಮೇಯೋ ಗಿಳಿಮೀನು, ಸರ್ಜನ್ ಮೀನುಗಳನ್ನ ದಶಕಗಳ ಕಾಲ ಮಿತಿಮೀರಿ ಹಿಡಿದ್ರು. ಮೇಯೋ ಕೆಲಸವೆಲ್ಲ ಡಯಾಡೆಮಾ ಅನ್ನೋ ಕಪ್ಪು ಮುಳ್ಳಿನ ಕಡಲ ಚೆಂಡುಗಳ ಮೇಲೆ ಬಿತ್ತು. 1983ರಲ್ಲಿ ರೋಗ ಬಂದು ಕೆರಿಬಿಯನ್ ಪೂರ್ತಿ ಆ ಚೆಂಡುಗಳು ಹೆಚ್ಚುಕಡಿಮೆ ನಿರ್ನಾಮವಾದವು. ಮೊದಲೇ 1980ರ ಚಂಡಮಾರುತದ ಪೆಟ್ಟು ತಿಂದಿದ್ದ ದಿಬ್ಬಗಳನ್ನ ಪಾಚಿ ನುಂಗಿತು. 1970ರ ದಶಕದ ಕೊನೆಗೆ ಸರಿಸುಮಾರು ಅರ್ಧದಷ್ಟಿದ್ದ ಜೀವಂತ ಹವಳ 1990ರ ದಶಕದ ಶುರುವಿಗೆ ಶೇಕಡಾ 5ಕ್ಕಿಂತ ಕೆಳಗಿಳಿಯಿತು. ಬೆಲೀಜ್ ದೇಶ 2009ರಲ್ಲಿ ಗಿಳಿಮೀನಿನಂಥ ಪಾಚಿ ತಿನ್ನೋ ಮೀನು ಹಿಡಿಯೋದನ್ನೇ ನಿಷೇಧಿಸಿತು.

ಹಾಗಾದ್ರೆ ಮೀನು ಬೇಕೇ ಬೇಕು. ಆದರೆ ಈ ಕತೆ ನನ್ನ ವಾದವನ್ನೇ ಗಟ್ಟಿ ಮಾಡುತ್ತೆ. ಅಲ್ಲಿ ಮೀನುಗಳು ಮೊದಲಿಂದ ಇದ್ದವು, ತೆಗೆದಿದ್ದು ಮನುಷ್ಯರು. ಅಲ್ಲಿ ಮೀನು ಬಿಟ್ಟ ಅಮೋನಿಯಾವನ್ನ ತೆಳು ಮಾಡೋಕೆ ಇಡೀ ಸಮುದ್ರ ಇದೆ, ಅಲೆ ಇದೆ, ಪ್ರವಾಹ ಇದೆ. ನಮ್ಮಲ್ಲಿ ಇರೋದು 180 ಲೀಟರ್ ಮತ್ತು ಮುಚ್ಚಿದ ನಾಲ್ಕು ಗೋಡೆ. ಹವಳದ ದಿಬ್ಬ ಕಾಯೋ ಮೀನನ್ನ ದಿಬ್ಬದಿಂದ ಕಿತ್ತು ತಂದು ನಮ್ಮ ಗಾಜು ಉಜ್ಜೋಕೆ ಹಚ್ಚೋದು ಯಾವ ನ್ಯಾಯ?

ಇನ್ನು ಹೊಂದಿಕೊಳ್ಳೋ ಮೀನಿನ ಬಗ್ಗೆ ಒಂದು ಎಚ್ಚರಿಕೆ. ಬೇಸರವಾಯ್ತು ಅಂತ ಯಾವ ಕಾರಣಕ್ಕೂ ಕೆರೆಗೆ ಬಿಡಬೇಡಿ. ಸೊಳ್ಳೆ ಮರಿ ತಿನ್ನುತ್ತೆ ಅಂತ ಅಮೆರಿಕದ ಗ್ಯಾಂಬೂಸಿಯಾ ಮೀನನ್ನ ಪ್ರಪಂಚದ ತುಂಬಾ ಕೆರೆಕಟ್ಟೆಗಳಿಗೆ ಬಿಟ್ರು, ನಮ್ಮ ದೇಶಕ್ಕೂ ಬಂತು. ಅದು ಎಲ್ಲಾ ಕಡೆ ಒಗ್ಗಿಕೊಂಡಿತು. ಸೊಳ್ಳೆ ಮರಿಯ ಜೊತೆ ಊರಿನ ಮೀನುಗಳ ಮೊಟ್ಟೆ, ಮರಿಗಳನ್ನೂ ತಿಂತು. ಇವತ್ತು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಪಾಚಿಯೂ ಅಷ್ಟೇ. ಅಕ್ವೇರಿಯಂಗಳಲ್ಲಿ ಬೆಳೆಸ್ತಿದ್ದ ಕಾಲರ್ಪಾ ಅನ್ನೋ ಕಡಲ ಪಾಚಿ 1984ರಲ್ಲಿ ಮೊನಾಕೊ ತೀರದಲ್ಲಿ ಒಂದು ಚದರ ಮೀಟರ್‌ನಷ್ಟು ಕಾಣಿಸಿಕೊಂಡಿತು, ಆಮೇಲೆ ಮೆಡಿಟರೇನಿಯನ್ ತಳದಲ್ಲಿ ಸಾವಿರಾರು ಹೆಕ್ಟೇರ್ ಹಬ್ಬಿತು. ಎಲ್ಲಿಗೂ ಒಗ್ಗೋದು ಅದನ್ನ ತಂದವರಿಗೆ ಅನುಕೂಲ, ಅಲ್ಲಿ ಮೊದಲಿಂದ ಇದ್ದವರಿಗೆ ಅಲ್ಲ.

ಯಾಕೆ ಒಂದು ಗಾಜಿನ ಪೆಟ್ಟಿಗೆ ಬಗ್ಗೆ ಇಷ್ಟು ಸಿಟ್ಟು ಅಂತ ಕೇಳಬಹುದು. ನಾವು ಈ ಊರಲ್ಲಿ ಎಲ್ಲಾ ಕಡೆ ಇದನ್ನೇ ಮಾಡ್ತಿದ್ದೀವಿ ಅಂತ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಬಂತು, 2017ರ ಫೆಬ್ರವರಿಯಲ್ಲಿ ಕೆರೆಗೇ ಬೆಂಕಿ ಹತ್ತಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಒಳಗೆ ಬರೋ ಕೊಳಚೆ ನಿಲ್ಲಿಸೋ ಮಾತು ಬಂದಾಗ ನಾವು ಮೌನ, ಅಪಾರ್ಟ್‌ಮೆಂಟಿನ ಎಸ್‌ಟಿಪಿ ಕೆಲಸ ಮಾಡ್ತಿದೆಯಾ ಅಂತ ಅಸೋಸಿಯೇಷನ್ ಮೀಟಿಂಗಲ್ಲಿ ಕೇಳಿದ್ರೆ "ಮೇಂಟೆನೆನ್ಸ್ ಜಾಸ್ತಿ ಆಗುತ್ತೆ" ಅಂತಾರೆ. ಹಾಗಂದವರಲ್ಲಿ ನಾನೂ ಒಬ್ಬನಾಗಿದ್ದೆ. ಬಂದ ಗಲೀಜನ್ನ ತಿನ್ನೋಕೆ ಮಾತ್ರ ಯಾರಾದ್ರೂ ಬೇಕು: ಒಂದು ಮೀನು, ಒಂದು ಯಂತ್ರ, ಒಂದು ಪುಡಿ, ಇಲ್ಲಾಂದ್ರೆ ಮ್ಯಾನ್‌ಹೋಲಿಗೆ ಇಳಿಯೋ ಒಬ್ಬ ಮನುಷ್ಯ. ಅವರಿಗೆ ನಾವು ಹೇಳೋದು ಒಂದೇ ಮಾತು: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಹಾಗಾಗಿ, ಗೆಳೆಯರೇ, ಮುಂದಿನ ಸಲ ಹಸಿರು ಕೂದಲಿನ ಫೋಟೋ ಕಳಿಸೋ ಮುಂಚೆ ಈ ಕ್ರಮದಲ್ಲಿ ಮಾಡಿ. ಮೊದಲು ಊಟ ಕಮ್ಮಿ. ಆಮೇಲೆ ನೀರಿನ ಪರೀಕ್ಷೆ. ಆಮೇಲೆ ಬೆಳಕು. ಆಮೇಲೆ ತೋಳು ಮಡಚಿ ಬ್ರಷ್ ಹಿಡಿಯಿರಿ. ಎರಡು ತಿಂಗಳು ಹೀಗೆ ಮಾಡಿ, ಅದಾದ ಮೇಲೂ ಮೀನು ಬೇಕು ಅನ್ನಿಸಿದ್ರೆ, ಆ ಮೀನು ಎಲ್ಲಿ ಹುಟ್ಟಿತು, ಎಷ್ಟು ದೊಡ್ಡದಾಗುತ್ತೆ, ಪಾಚಿ ಮುಗಿದ ಮೇಲೆ ಏನು ತಿನ್ನುತ್ತೆ ಅಂತ ಮೂರು ಪ್ರಶ್ನೆ ಅಂಗಡಿಯವರನ್ನ ಕೇಳಿ. ಮೂರಕ್ಕೂ ಉತ್ತರ ಸಿಕ್ಕಿದ್ರೆ ತನ್ನಿ.

ಅಪ್ಪ ಊರಿಗೆ ಹೋದ್ಮೇಲೆ ವಾರಕ್ಕೊಮ್ಮೆ ಫೋನ್ ಮಾಡ್ತಾರೆ. ಮಳೆ, ಕೊಬ್ಬರಿ ರೇಟು ಎಲ್ಲ ಆದ್ಮೇಲೆ ಕೊನೆಗೆ ಒಂದು ಪ್ರಶ್ನೆ ಇದ್ದೇ ಇರುತ್ತೆ: "ಕೊಟ್ಟಿಗೆ ಬಾಚಿದೆಯೇನ್ಲಾ?"

ಬಾಚಿದೀನಿ ಅಪ್ಪ. ಈ ಭಾನುವಾರವೂ ಬಾಚಿದೀನಿ.